ತಮಟೆಗೆ ಕಣ್ಣೀರು, ಡೀಜೆಗೆ ಚಂದಾ

ಊರಿನ ಹೆಸರಲ್ಲೇ ಕಟ್ಟೆ ಇದ್ದ ಮೇಲೆ ಕಟ್ಟೆಪುರಾಣಕ್ಕೆ ಬರ ಬಂದೀತೇ? ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಕಡೆ ಹಬ್ಬದ ಮರುದಿನ ಅರಳಿಮರದಡಿ ಕೂತು ನೋಡಿ. ಊಟದ ವಿಮರ್ಶೆ ಐದೇ ನಿಮಿಷ, ಸಂಗೀತದ ವಿಮರ್ಶೆ ಮಧ್ಯಾಹ್ನದವರೆಗೆ. "ಏನ್ ಡೀಜೆನೋ ಏನೋ, ಎದೆಗೂಡೇ ಅದುರೋಯ್ತದೆ. ನಮ್ ಕಾಲದ ಬ್ಯಾಂಡ್‌ಸೆಟ್ ಅಂದ್ರೆ..." ಎಂದು ಹಿರಿಯರೊಬ್ಬರು ಕಣ್ಣು ಮುಚ್ಚುತ್ತಾರೆ. ಬ್ಯಾಂಡ್‌ಸೆಟ್ ಬಂದ ಹೊಸದರಲ್ಲಿ ಅವರಪ್ಪ, "ಈ ಹಿತ್ತಾಳೆ ಊದೋರು ಬಂದು ತಮಟೆ ಸತ್ತೋಯ್ತು" ಎಂದು ಇದೇ ಕಟ್ಟೆಯ ಮೇಲೆ ಕಣ್ಣು ಮುಚ್ಚಿರುತ್ತಾರೆ. ಹೊಲ ಪಾಲಾದರೂ ಗೊಣಗಾಟ ಪಾಲಾಗದೆ ಇಡಿಯಾಗಿ ಮಗನಿಗೆ ಬರುತ್ತದೆ.

ಇದು ನಮ್ಮ ಸೀಮೆಯದ್ದೇ ಕಾಯಿಲೆ ಎಂದು ಕೊರಗಬೇಡಿ. ಇಂಗ್ಲೆಂಡಿನ ರೇಡಿಯೋಹೆಡ್ ಎಂಬ ರಾಕ್ ತಂಡ 1997ರಲ್ಲಿ 'ಓಕೆ ಕಂಪ್ಯೂಟರ್' ಎಂಬ ಆಲ್ಬಂ ತಂದಿತು. 2000ದ ಅಕ್ಟೋಬರಿನಲ್ಲಿ ಬಂದ ಅದರ ಮುಂದಿನ ಆಲ್ಬಂ 'ಕಿಡ್ ಎ'ಯಲ್ಲಿ ಗಿಟಾರು ಹಿಂದೆ ಸರಿದು ಸಿಂಥಸೈಸರ್ ಮುಂದೆ ಬಂತು. ಹೆಸರಲ್ಲಿ ಕಂಪ್ಯೂಟರಿದ್ದಾಗ ಹಿಗ್ಗಿದವರಲ್ಲೇ ಹಲವರು ಹಾಡಿನೊಳಕ್ಕೆ ಕಂಪ್ಯೂಟರ್ ಬಂದಾಗ ಮೋಸ ಎಂದರು. ಬೈಗುಳದ ನಡುವೆಯೇ ಅದು ಬ್ರಿಟನ್, ಅಮೆರಿಕ ಎರಡೂ ಕಡೆ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. ನಮ್ಮ ಹಿರಿಯರೂ ಡೀಜೆಗೆ ಬೈಯುತ್ತಲೇ ಚಂದಾ ರಸೀದಿ ಹರಿಸಿಕೊಳ್ಳುವುದಿಲ್ಲವೇ?

ನಮ್ಮಲ್ಲೂ 1987ರಲ್ಲಿ 'ಪ್ರೇಮಲೋಕ' ಸಿನಿಮಾ ಬಂತು. ಹಂಸಲೇಖರ ತಾಳಕ್ಕೆ ಹುಡುಗರು ಕುಣಿದರೆ, ದೊಡ್ಡವರು "ಬರೀ ಡಬ್ಬಾ ಬಡಿತ" ಎಂದು ಟೇಪ್‌ರೆಕಾರ್ಡರ್ ಆರಿಸಿದರು. ಅಂದು ಕುಣಿದ ಹುಡುಗರೇ ಇಂದು ಮಗನ ಮೊಬೈಲ್ ಕಿತ್ತುಕೊಂಡು "ಹಾಡು ಅಂದ್ರೆ ಪ್ರೇಮಲೋಕ ಕಣೋ" ಎಂದು ಪಾಠ ಹೇಳುತ್ತಾರೆ. ಸದ್ದು ಚಿನ್ನವಾಗಲು ಇಪ್ಪತ್ತು ಮೂವತ್ತು ವರ್ಷ, ಕೇಳುಗನಿಗೊಂದಿಷ್ಟು ಮಂಡಿನೋವು ಸಾಕು.

ಶಾಸ್ತ್ರೀಯ ಸಂಗೀತದ ಮಡಿವಂತರ ಮನೆಗೂ ಹೋಗಿಬರೋಣ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಲೆಂದು ನಮ್ಮ ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಬಿಗಿದರು. ಪಿಟೀಲೇ ಪರದೇಶದ್ದು ಎಂಬುದು ಅಷ್ಟರಲ್ಲಿ ಮರೆತೇಹೋಗಿತ್ತು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಈಗ ಶ್ರುತಿಯಂತ್ರ ಸಂಗೀತಗಾರರ ಕೈಚೀಲದಲ್ಲೇ ಇರುತ್ತದೆ. ಇನ್ನು ದೇವಸ್ಥಾನದಲ್ಲಿ ಮಂಗಳಾರತಿ ಹೊತ್ತಿಗೆ ಸ್ವಿಚ್ ಒತ್ತಿದರೆ ನಗಾರಿ, ಜಾಗಟೆ, ಗಂಟೆ ಮೂರೂ ತಮ್ಮಷ್ಟಕ್ಕೆ ಬಡಿದುಕೊಳ್ಳುತ್ತವೆ. ಆ ಯಂತ್ರದ ಮುಂದೆ ಕೈಮುಗಿದು, ಹೊರಬಂದು ಚಪ್ಪಲಿ ಮೆಟ್ಟುತ್ತಾ "ಡೀಜೆ ಕೃತಕ" ಎನ್ನುವುದಕ್ಕೂ ಭಕ್ತಿ ಬೇಕು.

ಕಟ್ಟೆಮಳಲವಾಡಿಯಲ್ಲಿ ಎಲೆಕ್ಟ್ರಾನಿಕ್ ಆದ ಇನ್ನೊಂದು ಮೇಳವಿದೆ: ತಂಬಾಕು ಹರಾಜು. ಹಿಂದೆ ಬೇಲುಗಳ ಸಾಲಿನ ಪಕ್ಕ ನಡೆಯುತ್ತಾ ಕೂಗಿ ಹರಾಜು ಹಾಕುತ್ತಿದ್ದರು. ಆ ಕೂಗಿಗೊಂದು ಲಯವಿತ್ತು, ಏರಿಳಿತವಿತ್ತು. ಈಗ ವ್ಯಾಪಾರಿಯ ಕೈಯಲ್ಲಿ ಪುಟ್ಟ ಯಂತ್ರ, ಬೆರಳೊತ್ತಿದರೆ ಬೆಲೆ. ಆ ಕೂಗು ನಿಂತಿದ್ದಕ್ಕೆ ಯಾವ ಕಟ್ಟೆಯ ಮೇಲೂ ಯಾರೂ ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಕೇಜಿಗೆ ಎಷ್ಟು ಬಿತ್ತು?" ಕಾಸಿನ ವಿಷಯಕ್ಕೆ ಬಂದರೆ ಕಿವಿ ಬಲು ಬೇಗ ಆಧುನಿಕವಾಗುತ್ತದೆ.

ಡೀಜೆಯ ಅಬ್ಬರ ಸರಿ ಎಂದು ನಾನು ಹೇಳುತ್ತಿಲ್ಲ. 'ಕಿಡ್ ಎ' ಬಂದ 2000ದಲ್ಲೇ ದೇಶಕ್ಕೆ ಶಬ್ದ ಮಾಲಿನ್ಯ ನಿಯಮಗಳೂ ಬಂದವು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಗೋಡೆಯ ಮೇಲಿನ ದೇವರಪಟ ಕಳಚಿ ಬಿದ್ದರೆ ಧಾರಾಳವಾಗಿ ದೂರು ಕೊಡಿ. ಅದು ಸದ್ದಿನ ಅಳತೆಯ ತಂಟೆ, ಅದಕ್ಕೆ ಸಂಸ್ಕೃತಿಯನ್ನು ಸಾಕ್ಷಿಗೆ ಎಳೆಯಬೇಡಿ.

ಎಳೆಯಲೇಬೇಕೆಂದರೆ ಒಂದು ಮಾತಿಗೆ ಉತ್ತರ ಕೊಡಿ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆಳಗಿನವರೆಗೆ ಬಡಿದು ನಿಮ್ಮ ದೇವರನ್ನು ಕುಣಿಸಿದವನನ್ನು ಎಂದಾದರೂ ಜಗಲಿ ಹತ್ತಿಸಿದ್ದಿರಾ? ಅವನ ಎಲೆ ಎಲ್ಲಿ ಹಾಕಿದ್ದಿರಿ? ಅಂಥವನ ಮಗ ಈಗ ಲ್ಯಾಪ್‌ಟಾಪ್ ಹಿಡಿದು ಟ್ರ್ಯಾಕ್ಟರಿನ ಮೇಲೆ, ನಿಮ್ಮೆಲ್ಲರ ತಲೆಗಿಂತ ಎತ್ತರದಲ್ಲಿ ನಿಂತಿದ್ದಾನೆ. ಅಡ್ವಾನ್ಸನ್ನು ಎಣಿಸಿಕೊಂಡೇ ಹತ್ತಿದ್ದಾನೆ.