ಕರಗಿದ ಕೊಬ್ಬಿನ ವಿಳಾಸ

ಯಾರಾದರೂ ‘ಮೂರು ಕೆ.ಜಿ. ಇಳಿದಿದ್ದೀನಿ’ ಅಂದರೆ ನಮ್ಮ ಬಾಯಿಂದ ಹೊರಡುವುದು ‘ಹೇಗೆ?’ ಎಂಬ ಪ್ರಶ್ನೆಯೊಂದೇ. ರಾಗಿ ಅಂಬಲಿಯೋ, ರಾತ್ರಿ ಊಟ ಬಿಟ್ಟದ್ದೋ, ಜಿಮ್ಮೋ, ಮಗಳ ಮದುವೆಯ ಓಡಾಟವೋ ಎಂದು ಕೂಲಂಕಷವಾಗಿ ವಿಚಾರಿಸಿಕೊಂಡು, ಬರುವ ಸೋಮವಾರದಿಂದ ನಾವೂ ಶುರು ಮಾಡುವುದೆಂದು ತೀರ್ಮಾನಿಸಿ, ಎದುರಿಗಿದ್ದ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತೇವೆ. ಆ ಮೂರು ಕೆ.ಜಿ. ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮೊನ್ನೆಮೊನ್ನೆಯವರೆಗೆ ಸೊಂಟದ ಸುತ್ತ ಆರಾಮಾಗಿ ಕೂತಿದ್ದ, ಎರಡು ಬೆರಳಲ್ಲಿ ಹಿಡಿದು ತೋರಿಸಬಹುದಾಗಿದ್ದ ಪದಾರ್ಥ ಅದು. ಹೇಳದೆ ಕೇಳದೆ ಹೋಗುವುದೆಂದರೇನು?

ಕೇಳಿ ನೋಡಿ, ಉತ್ತರಗಳು ಸೊಗಸಾಗಿರುತ್ತವೆ. ಬೆವರಾಗಿ ಹೋಯಿತು ಎನ್ನುವವರು ಬಹಳ. ಅವರು ಬಿರುಬೇಸಿಗೆಯಲ್ಲೂ ಪ್ಲಾಸ್ಟಿಕ್ ಜಾಕೆಟ್ಟು ತೊಟ್ಟು ಓಡುತ್ತಾರೆ. ಇನ್ನು ಕೆಲವರು ಸಂಕೋಚದಿಂದ ಬಚ್ಚಲುಮನೆಯ ಕಡೆ ನೋಡುತ್ತಾರೆ. ವಿಜ್ಞಾನ ಓದಿಕೊಂಡವರು ಸ್ವಲ್ಪ ಗತ್ತಿನಿಂದಲೇ ‘ಶಕ್ತಿಯಾಗಿ ಪರಿವರ್ತನೆ ಆಯ್ತು’ ಅನ್ನುತ್ತಾರೆ. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬ ಇಬ್ಬರು ಸೇರಿ ಡಾಕ್ಟರು, ಆಹಾರತಜ್ಞರು, ಜಿಮ್ ತರಬೇತುದಾರರು ಹೀಗೆ 150 ಮಂದಿಯನ್ನು ಹಿಡಿದು ಈ ಪ್ರಶ್ನೆ ಕೇಳಿದರು. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಶಕ್ತಿ, ಶಾಖ ಎಂದೇ ಹೇಳಿದರಂತೆ. 2014ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರೂ ಲೆಕ್ಕ ಹಾಕಿ ತೋರಿಸಿದರು: 10 ಕೆ.ಜಿ. ಕೊಬ್ಬು ಪೂರ್ತಿಯಾಗಿ ಕರಗಿದರೆ ಅದರಲ್ಲಿ 8.4 ಕೆ.ಜಿ. ಹೋಗುವುದು ಮೂಗಿನಿಂದ, ಕಾರ್ಬನ್ ಡೈಆಕ್ಸೈಡಾಗಿ. ಮಿಕ್ಕ 1.6 ಕೆ.ಜಿ. ನೀರಾಗಿ ಬೆವರು, ಮೂತ್ರ, ಉಸಿರಿನ ಹಬೆ, ಯಾವ ದಾರಿ ಸಿಕ್ಕರೆ ಆ ದಾರಿ ಹಿಡಿಯುತ್ತದೆ.

ಹಾಸನದ ನಮ್ಮ ಚಿಕ್ಕಮ್ಮನಿಗೆ ಇದನ್ನು ವಿವರಿಸಿದೆ. ಅವರು ಕೊಂಚ ಹೊತ್ತು ಯೋಚಿಸಿ, ‘ಉಸಿರಲ್ಲೇ ಹೋಗೋದಾದ್ರೆ ನಮ್ಮ ಬೀದಿಲಿ ಬೆಳಗಿಂದ ಸಂಜೆಗಂಟ ಬೇರೆಯವರ ಮನೆ ವಿಚಾರ ಆಡೋರೆಲ್ಲ ಕಡ್ಡಿ ಆಗಿರಬೇಕಿತ್ತಲ್ಲಪ್ಪ’ ಅಂದರು. ಆಕ್ಷೇಪಣೆಯಲ್ಲಿ ಸತ್ವವಿದೆ. ಉಸಿರು ಜೋರಾಗಿ ಬಿಟ್ಟ ಮಾತ್ರಕ್ಕೆ ಕೊಬ್ಬು ಕರಗುವುದಿಲ್ಲ. ಸುಮ್ಮನೆ ಕೂತು ಬುಸುಬುಸು ಮಾಡಿದರೆ ತಲೆ ಸುತ್ತುತ್ತದೆ ಅಷ್ಟೆ. ಒಳಗೆ ಉರಿದದ್ದು ಹೊರಗೆ ಹೋಗಬೇಕೇ ಹೊರತು ಊದಿದ್ದಕ್ಕೆಲ್ಲ ಉರಿಯುವುದಿಲ್ಲ. ಈ ಮಾತನ್ನು ಈಗಲೇ ಒತ್ತಿ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ ಉಸಿರು ಬಿಟ್ಟು ತೂಕ ಇಳಿಸುವ ಏಳು ದಿನದ ಶಿಬಿರದ ಬ್ಯಾನರು ಮುಂದಿನ ತಿಂಗಳೇ ಯಾವುದಾದರೂ ಕಲ್ಯಾಣ ಮಂಟಪದ ಮುಂದೆ ತೂಗಾಡೀತು.

ಇದಕ್ಕೆ ಬೇಕಾಗುವ ರಸಾಯನಶಾಸ್ತ್ರವನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಓದಿ, ಪರೀಕ್ಷೆ ಬರೆದು, ಮರೆತೂ ಆಗಿದೆ. ಮೈಯಲ್ಲಿ ಶೇಖರವಾಗುವ ಕೊಬ್ಬಿನ ಒಂದು ಸಾಧಾರಣ ಅಣುವಿನಲ್ಲಿ 55 ಇಂಗಾಲ, 104 ಜಲಜನಕ ಮತ್ತು ಬರೀ 6 ಆಮ್ಲಜನಕದ ಪರಮಾಣುಗಳಿರುತ್ತವೆ. ಅದರ ಜೊತೆ ಉಸಿರಾಡಿದ ಆಮ್ಲಜನಕದ 78 ಅಣುಗಳು ಸೇರಿದರೆ 55 ಕಾರ್ಬನ್ ಡೈಆಕ್ಸೈಡ್, 52 ನೀರು. ಕೂಡಿ ಕಳೆದು ನೋಡಿದರೆ ಒಂದು ಪರಮಾಣುವೂ ನಾಪತ್ತೆಯಾಗಿಲ್ಲ. 10 ಕೆ.ಜಿ. ಕೊಬ್ಬು ಕರಗಲು 29 ಕೆ.ಜಿ. ಆಮ್ಲಜನಕ ಬೇಕು; ಹೊರಗೆ ಬರುವುದು 28 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಮತ್ತು 11 ಕೆ.ಜಿ. ನೀರು. ಆಚೆಗೂ 39, ಈಚೆಗೂ 39. ಶಕ್ತಿ ಬಂದದ್ದು ನಿಜ, ಆದರೆ ಅದಕ್ಕಾಗಿ ತೂಕವೇನೂ ಮಾಯವಾಗಲಿಲ್ಲ.

ಶಕ್ತಿ ಎಲ್ಲಿಂದ ಬಂತು ಎಂಬುದರಲ್ಲೂ ಒಂದು ತಕರಾರಿದೆ. ಬಂಧ ಮುರಿದರೆ ಶಕ್ತಿ ಹೊರಬರುತ್ತದೆ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುವುದನ್ನು ಕೇಳಿದ್ದೇನೆ. ವಾಸ್ತವ ಇದರ ತಿರುಗುಮುರುಗು. ಬಂಧ ಮುರಿಯುವುದಕ್ಕೆ ಶಕ್ತಿ ಖರ್ಚಾಗುತ್ತದೆ. ಇಂಗಾಲವೂ ಜಲಜನಕವೂ ಆಮ್ಲಜನಕದ ಕೈ ಹಿಡಿದು ಇನ್ನೂ ಬಿಗಿಯಾದ ಬಂಧ ಕಟ್ಟಿಕೊಂಡಾಗ ಖರ್ಚಿಗಿಂತ ಹೆಚ್ಚು ವಾಪಸ್ಸು ಬರುತ್ತದೆ. ಅಂದರೆ ಕೂಡಿಸಿದರೆ ಲಾಭ, ಬಿಡಿಸಿದರೆ ಖರ್ಚು. ಮಕ್ಕಳ ಮದುವೆ ಮಾಡಿದವರಿಗೆ ಇದರ ಮೊದಲರ್ಧ ತಲೆಗೆ ಹತ್ತುವುದು ಕಷ್ಟ.

ನಾವು ಒಳಗೊಳಗೇ ಉರಿಯುತ್ತಿದ್ದೇವೆ ಎಂದು ಅಳತೆ ಮಾಡಿ ತೋರಿಸಿದವನು ಪ್ಯಾರಿಸ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ. 1782–83ರ ಚಳಿಗಾಲದಲ್ಲಿ ಗಣಿತಜ್ಞ ಲಾಪ್ಲಾಸ್‌ನನ್ನು ಜೊತೆ ಹಾಕಿಕೊಂಡು, ಸುತ್ತ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಒಂದು ಗಿನಿಪಿಗ್ಗನ್ನು ಕೂರಿಸಿ, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗುತ್ತದೆಂದು ಅಳೆದ. ಅದು ಬಿಡುವಷ್ಟೇ ಕಾರ್ಬನ್ ಡೈಆಕ್ಸೈಡ್ ಬರುವ ಹಾಗೆ ಇದ್ದಿಲು ಸುಟ್ಟಾಗ ಕರಗುವ ಮಂಜಿಗೂ ಇದಕ್ಕೂ ಹೆಚ್ಚುಕಡಿಮೆ ತಾಳೆಯಾಯಿತು. ಉಸಿರಾಟವೆಂದರೆ ನಿಧಾನದ ಉರಿ ಎಂದು ಅವನು ತೀರ್ಮಾನಿಸಿದ. ತೆರಿಗೆ ವಸೂಲಿಯ ಕಂಪನಿಯಲ್ಲಿ ಪಾಲುದಾರನೂ ಆಗಿದ್ದ ಅವನ ತಲೆಯನ್ನು 1794ರಲ್ಲಿ ಕ್ರಾಂತಿಯವರು ತೆಗೆದರು. ಗಿನಿಪಿಗ್ಗಿನ ಪಾಡು ಏನಾಯಿತೋ, ಇತಿಹಾಸಕಾರರಿಗೆ ಅದರ ಗೊಡವೆಯಿಲ್ಲ.

ಆದರೆ ನನ್ನ ಮೆಚ್ಚಿನವನು ಇವನಿಗಿಂತ ಸುಮಾರು ನೂರೆಪ್ಪತ್ತು ವರ್ಷ ಹಿಂದಿನ ಸ್ಯಾಂಟೋರಿಯೊ. ಪಡುವಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕ, ಗೆಲಿಲಿಯೊನ ಪರಿಚಿತ. ಈ ಮಹಾಶಯ ದೊಡ್ಡದೊಂದು ತಕ್ಕಡಿಗೆ ಕುರ್ಚಿ ನೇತುಹಾಕಿಸಿ, ಅದರಲ್ಲಿ ಕೂತು ಊಟ ಮಾಡುತ್ತಿದ್ದ. ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ತೂಗಿ ಬರೆದಿಡುತ್ತಿದ್ದ. ಒಂದು ದಿನವಲ್ಲ, ಎರಡು ದಿನವಲ್ಲ, ಮೂವತ್ತು ವರ್ಷ ಇದೇ ಕಸುಬು. ಊಟ ಒಂದು ಮಿತಿಗೆ ಬಂದ ಕೂಡಲೇ ಕುರ್ಚಿ ಕೆಳಗಿಳಿದು, ಎದುರಿನ ಮೇಜು ಮೇಲಾಗಿ, ತಟ್ಟೆ ಕೈಗೆ ಸಿಗದಂತಾಗುವ ಚಿತ್ರವನ್ನು ನೆನೆದುಕೊಂಡರೆ ನಮ್ಮ ಮದುವೆಮನೆಗಳ ಊಟದ ಹಾಲಿಗೆ ಅಂಥ ನಾಲ್ಕು ಸಾಲು ಕುರ್ಚಿ ಬೇಕೆನಿಸುತ್ತದೆ. ಅವನು 1614ರಲ್ಲಿ ಪ್ರಕಟಿಸಿದ ಪುಸ್ತಕದ ಲೆಕ್ಕದ ಪ್ರಕಾರ, ದಿನಕ್ಕೆ ಎಂಟು ಪೌಂಡು ಒಳಗೆ ಹೋದರೆ ಸುಮಾರು ಐದು ಪೌಂಡು ಕಣ್ಣಿಗೆ ಕಾಣದೆಯೇ ಹೊರಟುಹೋಗುತ್ತದೆ. ಅದರಲ್ಲಿ ಬಹುಪಾಲು ನೀರಿನ ಹಬೆ, ಉಳಿದದ್ದು ನಮ್ಮ ಕಾರ್ಬನ್ ಡೈಆಕ್ಸೈಡ್ ಎಂದು ಹೇಳಲು ಆಗಿನ್ನೂ ಆಮ್ಲಜನಕವನ್ನೇ ಯಾರೂ ಕಂಡುಹಿಡಿದಿರಲಿಲ್ಲ. ಹೆಸರಿಲ್ಲದ ವಸ್ತುವನ್ನು ಮೂವತ್ತು ವರ್ಷ ತೂಗಿದವನ ತಾಳ್ಮೆಗೆ ಕೈಮುಗಿಯಬೇಕು.

ನಿದ್ದೆ, ವಿಶ್ರಾಂತಿ, ಒಂದಿಷ್ಟು ಹಗುರ ಓಡಾಟಗಳಲ್ಲೇ ದಿನ ಕಳೆದರೂ ಎಪ್ಪತ್ತು ಕೆ.ಜಿ.ಯ ಮನುಷ್ಯ ದಿನಕ್ಕೆ ಸುಮಾರು 200 ಗ್ರಾಂ ಇಂಗಾಲವನ್ನು ಉಸಿರಿನಲ್ಲಿ ಕಳೆಯುತ್ತಾನೆ ಎನ್ನುತ್ತದೆ ಆಸ್ಟ್ರೇಲಿಯಾದವರ ಲೆಕ್ಕ. ಇದು ಸೋಮಾರಿಗಳಿಗೆ ಸಮಾಧಾನದ ಸುದ್ದಿ. ಕೆಟ್ಟ ಸುದ್ದಿಯೆಂದರೆ, ಅದರಲ್ಲಿ ಒಂದು ಗಂಟೆ ಎದ್ದು ಓಡಿದರೆ ಸಿಗುವ ಹೆಚ್ಚುವರಿ ಬರೀ 40 ಗ್ರಾಂ. ಓಟ ಮುಗಿಸಿ ಬರುವ ದಾರಿಯಲ್ಲಿ ಎರಡು ಮೈಸೂರು ಪಾಕು ಬಾಯಿಗೆ ಹಾಕಿಕೊಂಡರೆ ಲೆಕ್ಕ ಚುಕ್ತಾ. ಲಾಲ್‌ಬಾಗಿನ ಸುತ್ತಮುತ್ತಲ ಹೋಟೆಲುಗಳು ಬೆಳಗ್ಗೆ ಅಷ್ಟು ಹೊತ್ತಿಗೇ ಬಾಗಿಲು ತೆರೆಯುವುದರ ಮರ್ಮ ಇದರಲ್ಲಿದೆ.

ಇನ್ನು ಒಳಗೆ ಹೋಗುವ ಬಾಬತ್ತು. ರಾಗಿಮುದ್ದೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಹೆಚ್ಚಿನಂಶ ಪಿಷ್ಟ. ಪಿಷ್ಟವೆಂದರೆ ಗ್ಲೂಕೋಸಿನ ಉದ್ದುದ್ದ ಸರಪಳಿ. ಅನ್ನವನ್ನು ಬಾಯಲ್ಲಿಟ್ಟು ಅಗಿಯುತ್ತಾ ಕೂತರೆ ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತದಲ್ಲ, ಅದು ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸರಪಳಿಯನ್ನು ಕತ್ತರಿಸುವ ಫಲ. ಜೀರ್ಣಕ್ರಿಯೆ ಬಾಯಿಯಲ್ಲೇ ಆರಂಭವಾಗುತ್ತದೆ ಎಂದು ಪುಸ್ತಕ ಬರೆದವರು ಮುದ್ದೆ ಉಂಡವರಲ್ಲ. ಮುದ್ದೆಯನ್ನು ಅಗಿಯುವುದು ಚಿಕ್ಕಮ್ಮನ ಮನೆಯಲ್ಲಿ ಅಪರಾಧ. ತುತ್ತು ಮುರಿದು, ಸೊಪ್ಪಿನ ಸಾರಿನಲ್ಲಿ ಉರುಳಿಸಿ, ನಾಲಗೆಯ ಮೇಲಿಟ್ಟರೆ ಅದು ತಾನಾಗಿ ಜಾರಿ ಇಳಿಯಬೇಕು. ಬಾಯಿಯ ಕಿಣ್ವ ಬಾಗಿಲಲ್ಲೇ ನಿಂತು ನೋಡುತ್ತಿರುತ್ತದೆ. ಮುಂದೆ ಸಣ್ಣಕರುಳಿನಲ್ಲಿ ಮೇದೋಜೀರಕ ಗ್ರಂಥಿ ಕಳಿಸುವ ಇನ್ನೊಂದು ಅಮೈಲೇಸು ಆ ಬಾಕಿ ಕೆಲಸವನ್ನೆಲ್ಲ ತೀರಿಸುತ್ತದೆ. ಹಾಸನ, ಮಂಡ್ಯಗಳಲ್ಲಿ ಯಾರೂ ಇದಕ್ಕಾಗಿ ಬಡಕಲಾಗಿಲ್ಲ.

ಹೀಗೆ ಬಿಡಿಯಾದ ಗ್ಲೂಕೋಸು ರಕ್ತದಲ್ಲಿ ಹರಿದು ಜೀವಕೋಶದೊಳಗೆ ಸೇರುತ್ತದೆ. ಅಲ್ಲಿ ಅದು ಒಮ್ಮೆಗೇ ಭಗ್ಗೆಂದು ಉರಿದರೆ ಬರುವುದು ಬರೀ ಶಾಖ. ಅದಕ್ಕೇ ಹತ್ತಾರು ಕಿಣ್ವಗಳು ಸಾಲಾಗಿ ನಿಂತು, ಮೆಟ್ಟಿಲು ಮೆಟ್ಟಿಲಾಗಿ ಅದನ್ನು ಇಳಿಸಿ, ಸಿಕ್ಕ ಶಕ್ತಿಯನ್ನು ಎಟಿಪಿ ಎಂಬ ಪುಟ್ಟ ಅಣುವಿನಲ್ಲಿ ಹಿಡಿದಿಡುತ್ತವೆ. ಬೆರಳು ಮಡಚಲು, ಹೃದಯ ಬಡಿಯಲು, ಈ ಸಾಲು ಓದಲು ಕೂಡ ಎಟಿಪಿಯೇ ಆಗಬೇಕು. ಪಠ್ಯಪುಸ್ತಕಗಳು ಇದನ್ನು ನಾಣ್ಯ ಎಂದು ಕರೆಯುತ್ತವೆ. ನನಗೇನೋ ಅದು ಒಗ್ಗದು. ನಾಣ್ಯವನ್ನು ಕೂಡಿಡಬಹುದು, ಎಟಿಪಿಯನ್ನು ಕೂಡಿಡಲಾಗದು. ಯಾವ ಗಳಿಗೆಯಲ್ಲಿ ನೋಡಿದರೂ ಇಡೀ ದೇಹದಲ್ಲಿ ಅದು ಕಾಲು ಕೆ.ಜಿ. ದಾಟುವುದಿಲ್ಲ. ಆದರೆ ದಿನವಿಡೀ ಒಡೆದು, ಮತ್ತೆ ಜೋಡಿಸಿ, ಒಡೆದು, ಮತ್ತೆ ಜೋಡಿಸಿ ಬಳಸುವ ಮೊತ್ತ ಸುಮಾರಾಗಿ ನಮ್ಮ ಮೈತೂಕದಷ್ಟೇ ಆಗುತ್ತದೆ.

ಎಟಿಪಿಯನ್ನು ಮೊದಲು ಬೇರ್ಪಡಿಸಿದವರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಮೆಟ್ರಿಕ್ಯುಲೇಶನ್ನನ್ನು ಮೂರನೆಯ ಯತ್ನದಲ್ಲಿ ಪಾಸು ಮಾಡಿದವರು. ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಜೊತೆಗೂಡಿ 1929ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ. ಸುಬ್ಬರಾವ್‌ಗೆ ನೊಬೆಲ್ ಬರಲಿಲ್ಲ. ಅವರು ಕಂಡುಹಿಡಿದದ್ದನ್ನು ಓದಿ ನೀಟ್ ಪರೀಕ್ಷೆ ಬರೆಯುವ ಮಕ್ಕಳಿಗೆ ಅವರ ಹೆಸರನ್ನು ಯಾರಾದರೂ ಹೇಳಿದರೆ ಒಳ್ಳೆಯದು. ಮೂರನೆಯ ಯತ್ನದ ಸಂಗತಿಯನ್ನಂತೂ ತಂದೆತಾಯಿಗಳಿಗೆ ಹೇಳಲೇಬೇಕು.

ಎಟಿಪಿ ತಯಾರಾಗುವ ಬಗೆ ಮಾತ್ರ ಬಹಳ ವರ್ಷ ಯಾರಿಗೂ ಬಗೆಹರಿಯಲಿಲ್ಲ. 1961ರಲ್ಲಿ ಬ್ರಿಟನ್ನಿನ ಜೀವರಸಾಯನಶಾಸ್ತ್ರಜ್ಞ ಪೀಟರ್ ಮಿಚೆಲ್ ಹೇಳಿದ್ದನ್ನು ನಾವು ಶಿವನಸಮುದ್ರಕ್ಕೆ ಹೋದರೆ ಅರ್ಥ ಮಾಡಿಕೊಳ್ಳಬಹುದು. ಎತ್ತರದ ಕಾವೇರಿ ಕೊಳವೆಯಲ್ಲಿ ಧುಮುಕಿ ಟರ್ಬೈನು ತಿರುಗಿಸುತ್ತದೆ, 1902ರಿಂದ ಆ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ಜೀವಕೋಶದ ಮೈಟೋಕಾಂಡ್ರಿಯಾದಲ್ಲೂ ಇದೇ ಏರ್ಪಾಡು. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಹಂತಹಂತವಾಗಿ ಆಮ್ಲಜನಕದತ್ತ ಇಳಿಯುವಾಗ ಸಿಗುವ ಶಕ್ತಿಯಿಂದ ಒಳಪೊರೆಯ ಆಚೆಗೆ ಪ್ರೋಟಾನುಗಳನ್ನು ಎತ್ತಿ ತುಂಬಲಾಗುತ್ತದೆ. ತುಂಬಿದ ಪ್ರೋಟಾನು ಹಿಂದಕ್ಕೆ ಹರಿಯಲು ಇರುವ ಮುಖ್ಯ ದಾರಿ ಒಂದು ಪುಟ್ಟ ಯಂತ್ರದ ನಡುವೆ. ಅದು ಗಿರಗಿರನೆ ತಿರುಗಿ, ಸುತ್ತಿಗೆ ಮೂರು ಎಟಿಪಿ ಉದುರಿಸುತ್ತದೆ. ಮಿಚೆಲ್ಲನ ಮಾತನ್ನು ದೊಡ್ಡವರು ನಂಬಲಿಲ್ಲ. ಅವನು ಹೊಟ್ಟೆಹುಣ್ಣಿನ ಕಾಟಕ್ಕೆ ವಿಶ್ವವಿದ್ಯಾಲಯ ಬಿಟ್ಟು, ಕಾರ್ನ್‌ವಾಲ್‌ನಲ್ಲಿ ಹಳೆಯ ಬಂಗಲೆಯೊಂದನ್ನು ದುರಸ್ತಿ ಮಾಡಿಸಿ, ಅಲ್ಲೇ ಪ್ರಯೋಗಶಾಲೆ ಇಟ್ಟುಕೊಂಡ. 1978ರಲ್ಲಿ ನೊಬೆಲ್ ಅವನೊಬ್ಬನಿಗೇ ಬಂತು. ಯಂತ್ರ ನಿಜಕ್ಕೂ ತಿರುಗುತ್ತದೆಯೇ ಎಂಬ ಅನುಮಾನವನ್ನು 1997ರಲ್ಲಿ ಜಪಾನಿನವರು ತೀರಿಸಿದರು: ಒಂದೇ ಒಂದು ಯಂತ್ರವನ್ನು ಗಾಜಿಗೆ ಅಂಟಿಸಿ, ಅದರ ತುದಿಗೆ ಹೊಳೆಯುವ ಎಳೆಯೊಂದನ್ನು ಕಟ್ಟಿ, ಎಟಿಪಿ ಕೊಟ್ಟು ಅದನ್ನು ಹಿಮ್ಮುಖವಾಗಿ ಓಡಿಸಿದರು. ಎಳೆ ಸುತ್ತುವುದು ಮೈಕ್ರೋಸ್ಕೋಪಿನಲ್ಲಿ ಸ್ಪಷ್ಟವಾಗಿ ಕಂಡಿತು.

ಆಮ್ಲಜನಕವನ್ನು ಬಳಸದೆ ಬದುಕುವ ಉಪಾಯವೂ ಉಂಟು, ಅದು ಚಿಕ್ಕಮ್ಮನ ಅಡುಗೆಮನೆಯಲ್ಲಿ ರಾತ್ರಿಯೆಲ್ಲ ನಡೆಯುತ್ತಿರುತ್ತದೆ. ರುಬ್ಬಿದ ಇಡ್ಲಿ ಹಿಟ್ಟಿನಲ್ಲಿ, ಉದ್ದಿನಬೇಳೆಯ ಜೊತೆಯಲ್ಲೇ ಬಂದ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯನ್ನು ಅರ್ಧಂಬರ್ಧ ಒಡೆದು, ಲ್ಯಾಕ್ಟಿಕ್ ಆಮ್ಲವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ. ನಮ್ಮ ಜೀವಕೋಶ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ ತೆಗೆದರೆ ಇದಕ್ಕೆ ಸಿಗುವುದು ಒಂದೇ ಒಂದು. ಬೆಳಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಪಾತ್ರೆಯ ಕಂಠಕ್ಕೆ ಬಂದಿರುತ್ತದೆ. ಸೌಟು ಇಳಿಸಿದರೆ ಒಳಗೆಲ್ಲ ಜಾಲರಿ ಜಾಲರಿ. ಗುಳ್ಳೆ ಒಡೆಯುವ ಸಣ್ಣ ಸದ್ದು, ಮೂಗಿಗೆ ಹಿತವಾದ ಹುಳಿ. ಪಾತ್ರೆ ತುಂಬಿದೆಯೆಂದು ಹಿಟ್ಟು ಜಾಸ್ತಿಯಾಯಿತು ಅಂದುಕೊಳ್ಳಬೇಡಿ. ತೂಗಿದರೆ ರಾತ್ರಿಗಿಂತ ಒಂದು ಕೂದಲೆಳೆ ಕಡಿಮೆಯೇ ಇರುತ್ತದೆ, ಗಾಳಿಗೆ ಹೋದಷ್ಟು. ಅಂದರೆ ರಾತ್ರಿಯಿಡೀ ಉಬ್ಬಿಯೂ ತೂಕ ಇಳಿಸಿಕೊಂಡ ಭಾಗ್ಯಶಾಲಿ ಮನೆಯಲ್ಲಿ ಅದೊಂದೇ.

ತೂಕ ಇಳಿಸುವವರ ಆತುರ ಪ್ರೋಟಾನುಗಳನ್ನು ತಡೆದು ನಿಲ್ಲಿಸುವ ಮೈಟೋಕಾಂಡ್ರಿಯಾದ ಒಳಪೊರೆಯೆಂಬ ಅಣೆಕಟ್ಟಿನ ಗೋಡೆಯನ್ನೂ ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡೈನೈಟ್ರೋಫಿನಾಲ್ ಎಂಬ ಹಳದಿ ಪುಡಿಯ ಜೊತೆ ಕೆಲಸ ಮಾಡುವವರು ಬೆವತು, ಸೊರಗಿ, ಕೆಲವರು ಸತ್ತೂಹೋದರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು ಇದನ್ನೇ ತೂಕ ಇಳಿಸುವ ಔಷಧಿಯಾಗಿ ಕೊಟ್ಟು ನೋಡಿದರು. ತೂಕ ನಿಜಕ್ಕೂ ಇಳಿಯಿತು! ಆ ಪುಡಿ ಮೈಟೋಕಾಂಡ್ರಿಯಾದ ಪೊರೆಯಲ್ಲಿ ಪ್ರೋಟಾನು ಸೋರಿಹೋಗುವ ಹಾಗೆ ಮಾಡುತ್ತದೆ. ಕೊಬ್ಬು ಉರಿಯುತ್ತಲೇ ಇರುತ್ತದೆ, ಎಟಿಪಿ ಹುಟ್ಟುವುದಿಲ್ಲ, ಶಕ್ತಿಯೆಲ್ಲ ಶಾಖವಾಗುತ್ತದೆ. ಮಾತ್ರೆ ಸ್ವಲ್ಪ ಹೆಚ್ಚಾದರೂ ಮೈ ಕಾದು ಪ್ರಾಣ ಹೋಗುತ್ತಿತ್ತು, ಬದುಕಿದವರಲ್ಲಿ ಕೆಲವರಿಗೆ ಕಣ್ಣಿನ ಪೊರೆ ಬಂತು. 1938ರ ಹೊತ್ತಿಗೆ ಅಲ್ಲಿನ ಸರ್ಕಾರ ಇದನ್ನು ಮನುಷ್ಯರು ಸೇವಿಸುವಂಥದ್ದಲ್ಲ ಎಂದು ಸಾರಿತು. ಹಾಗಿದ್ದೂ ಇಂಟರ್ನೆಟ್ಟಿನಲ್ಲಿ ತರಿಸಿ ನುಂಗಿ ಸಾಯುವವರು ಇವತ್ತಿಗೂ ಇದ್ದಾರೆ.

ಇದೇ ಸೋರಿಕೆಯನ್ನು ಹದವಾಗಿ, ಅಪಾಯವಿಲ್ಲದೆ ಮಾಡಿಕೊಳ್ಳಬಲ್ಲವರೆಂದರೆ ಹಸುಗೂಸುಗಳು. ಅವಕ್ಕೆ ಚಳಿಯಾದರೆ ದೊಡ್ಡವರ ಹಾಗೆ ಗಡಗಡ ನಡುಗಲು ಬಾರದು. ಕತ್ತಿನ ಹಿಂದೆ, ಭುಜದ ನಡುವೆ ಇರುವ ಕಂದು ಕೊಬ್ಬಿನಲ್ಲಿ ಇದಕ್ಕೆಂದೇ ಒಂದು ಪ್ರೋಟೀನಿದ್ದು, ಪ್ರೋಟಾನುಗಳನ್ನು ಬೇಕೆಂದೇ ಸೋರಲು ಬಿಟ್ಟು ಮೈ ಬೆಚ್ಚಗೆ ಮಾಡುತ್ತದೆ. ದೊಡ್ಡವರಲ್ಲೂ ಕತ್ತಿನ ಸುತ್ತಮುತ್ತ ಈ ಕೊಬ್ಬು ಕೊಂಚ ಉಳಿದಿರುತ್ತದೆ, ಚಳಿ ತಾಗಿದರೆ ಕೆಲಸ ಶುರು ಮಾಡುತ್ತದೆ ಎಂದು 2009ರಲ್ಲಿ ಖಚಿತವಾಯಿತು. ಇದನ್ನು ಓದಿದ ಮೇಲೆ ಡಿಸೆಂಬರಿನ ಬೆಳಗ್ಗೆ ಲಾಲ್‌ಬಾಗಿಗೆ ಹೋಗಿ ನೋಡಿದೆ. ತೂಕ ಇಳಿಸಲೆಂದೇ ಬಂದವರೆಲ್ಲ ಸ್ವೆಟರ್ ತೊಟ್ಟು, ಕಂದು ಕೊಬ್ಬಿಗೆ ಗಾಳಿಯೇ ಸೋಕದಂತೆ ಕುತ್ತಿಗೆಗೆ ಎರಡು ಸುತ್ತು ಮಫ್ಲರ್ ಬಿಗಿದು, ಮೇಲೆ ಮಂಕಿ ಕ್ಯಾಪ್ ಎಳೆದುಕೊಂಡು ದಾಪುಗಾಲು ಹಾಕುತ್ತಿದ್ದರು. ನನ್ನ ಮಂಕಿ ಕ್ಯಾಪು ಕಂದು ಬಣ್ಣದ್ದು, ಉಣ್ಣೆಯದು, ಬಹಳ ಬೆಚ್ಚಗಿದೆ.