ಕಾರ್ನೂ ಜೋಳವೂ

ಹಳೆಯ ಇಂಗ್ಲೆಂಡಿನವನಿಗೆ ‘ಕಾರ್ನ್’ ಅಂದರೆ ಗೋಧಿ. ಸ್ಕಾಟ್ಲೆಂಡಿಗೆ ಹೋದರೆ ಓಟ್ಸ್. ಅಟ್ಲಾಂಟಿಕ್ ದಾಟಿದರೆ ನಮ್ಮ ಮೆಕ್ಕೆಜೋಳ. ಮೂಲದಲ್ಲಿ ಅದು ಬರೀ ಕಾಳು. ಯಾವ ಸೀಮೆಯಲ್ಲಿ ಯಾವುದು ಹೊಟ್ಟೆ ತುಂಬಿಸುತ್ತದೋ ಅಲ್ಲಿ ಅದಕ್ಕೇ ಆ ಹೆಸರು. ಹೀಗಾಗಿ 1815ರ ಬ್ರಿಟನ್ನಿನ ‘ಕಾರ್ನ್ ಲಾ’ ಪಾಠ ಓದುವ ಹುಡುಗ, ಪಾರ್ಲಿಮೆಂಟಿನವರು ಕೆಂಡದಲ್ಲಿ ಸುಟ್ಟ ತೆನೆಗಾಗಿ ಕಿತ್ತಾಡಿದರೆಂದುಕೊಂಡರೆ ಬೈಯುವಂತಿಲ್ಲ. ಜಗಳ ಮುಖ್ಯವಾಗಿ ಗೋಧಿಯದು. 1846ರಲ್ಲಿ ಆ ಕಾಯ್ದೆ ತೆಗೆಸಿದ ಪ್ರಧಾನಿ ರಾಬರ್ಟ್ ಪೀಲ್ ತನ್ನ ಕುರ್ಚಿಯನ್ನೂ ಕಳೆದುಕೊಂಡ.

‘ಕಾರ್ನ್ಡ್ ಬೀಫ್’ನಲ್ಲಿ ಧಾನ್ಯವೇ ಇಲ್ಲ, ಇರುವುದು ಹರಳುಪ್ಪು. ಕಾಲಿನ ಆಣಿಗೂ ಇಂಗ್ಲಿಷಿನಲ್ಲಿ ಕಾರ್ನ್ ಎಂದೇ ಹೆಸರು. ಅದು ಕಾಳಿನ ಕುಲದ್ದಲ್ಲ, ಕೊಂಬು ಎಂಬರ್ಥದ ಲ್ಯಾಟಿನ್ ಪದದ ಸಂತಾನ. ಆದರೂ ಎರಡಕ್ಕೂ ಬೂಟಿನೊಳಗೆ ನಂಟು ಬೆಳೆದಿದೆ. ಇಂಗ್ಲಿಷರ ಬೂಟಿನ ಒಂದು ಸೈಜಿಗೂ ಮುಂದಿನದಕ್ಕೂ ಅಂತರ ಒಂದು ‘ಬಾರ್ಲಿಕಾರ್ನ್’, ಅಂದರೆ ಅಂಗುಲದ ಮೂರನೇ ಒಂದು ಪಾಲು. ಅಳತೆಯಲ್ಲಿ ಒಂದು ಕಾರ್ನ್ ಕಡಿಮೆಬಿದ್ದರೆ ಬೆರಳ ಮೇಲೆ ಇನ್ನೊಂದು ಕಾರ್ನ್ ಏಳುತ್ತದೆ.

ನಗುವ ಮುಂಚೆ ನಮ್ಮ ಜೋಳವನ್ನೂ ನೋಡಬೇಕು. ಉಂಡ ಮನೆಯ ಋಣಕ್ಕೆ ನಮ್ಮ ಹಿಂದಿನವರು ‘ಜೋಳವಾಳಿ’ ಎಂದರು. ಆಳುವವನ ಜೋಳ ತಿಂದ ಯೋಧ ಪ್ರಾಣ ಕೊಟ್ಟು ಅದನ್ನು ತೀರಿಸುತ್ತಿದ್ದ. ಮೆಕ್ಕೆಜೋಳ ಬಂದದ್ದು ಕೊಲಂಬಸ್ಸನ ಕಾಲವಾದ ಮೇಲೆ, ಅಮೆರಿಕದಿಂದ. ನೆಂಟನಿಗೆ ಮನೆಯ ಹೆಸರನ್ನೇ ಕೊಟ್ಟರು, ಗುರುತಿಗೊಂದು ವಿಶೇಷಣ ಅಂಟಿಸಿ: ಹಳೇ ಮೈಸೂರಿನಲ್ಲಿ ಮುಸುಕಿನ ಜೋಳ, ಬಡಗಣ ಜಿಲ್ಲೆಗಳಲ್ಲಿ ಗೋವಿನಜೋಳ. ಬೆಂಗಳೂರಿನ ಬೀದಿಗೆ ಬಂದಾಗ ಅದು ಮುಸುಕನ್ನೂ ಬಿಟ್ಟಿತು, ಗೋವನ್ನೂ ಬಿಟ್ಟಿತು. ಬರೀ ‘ಜೋಳ’ವಾಗಿ ತಳ್ಳುಗಾಡಿ ಏರಿತು. ಅಮೆರಿಕದಲ್ಲಿ ‘ಇಂಡಿಯನ್ ಕಾರ್ನ್’ ತನ್ನ ಇಂಡಿಯನ್ ಕಳಚಿಕೊಂಡದ್ದೂ ಹೀಗೇ. ಬಾಡಿಗೆಗೆ ಬಂದವರು ಬಾಗಿಲ ಮೇಲಿನ ಹೆಸರಿನ ಹಲಗೆಯನ್ನೇ ಬರೆಸಿಕೊಂಡಂತೆ.

ಕಲಬುರಗಿಯ ಕಡೆಯಿಂದ ಮಗನ ಮನೆಗೆ ಬಂದ ಅಜ್ಜಿಯರಿಗೆ ಇದು ಬಲು ತಾಪತ್ರಯ. “ರೊಟ್ಟಿ ಬಡಿಯಾಕ ಜ್ವಾಳ ತಾರವಾ” ಅಂದರೆ ಮೊಮ್ಮಗಳು ಖಾರ ಸವರಿದ ತೆನೆ ತಂದು ಕೈಗಿಡುತ್ತಾಳೆ. ಹಲ್ಲಿಲ್ಲದ ಬಾಯಿಗೆ ಅದು ಯಾವ ನ್ಯಾಯ? ಬಿಳಿಜೋಳ ಎಂದು ಬಿಡಿಸಿ ಹೇಳಬೇಕಾಗಿ ಬಂದದ್ದು ಆ ಅಜ್ಜಿಗೆ ಅವಮಾನವೇ ಸರಿ, ನನ್ನ ಪ್ರಕಾರ.

ಇಂಗ್ಲಿಷ್ ಮಾತಾಡುವವರು ತಮ್ಮತಮ್ಮಲ್ಲೂ ಇದನ್ನು ತೀರ್ಮಾನಿಸಿಕೊಂಡಿಲ್ಲ. ಬ್ರಿಟಿಷರ ‘ಕಾರ್ನ್ ಫ್ಲೋರ್’ ಬೆಳ್ಳನೆಯ ಪಿಷ್ಟ. ನಮ್ಮ ಗೋಬಿ ಮಂಚೂರಿ ಗರಿಗರಿಯಾಗುವುದು ಅದರಿಂದಲೇ. ಅಮೆರಿಕದ ಅಂಗಡಿಯಲ್ಲಿ ಅದೇ ಹೆಸರು ಹೇಳಿದರೆ ಸಿಗುವುದು ಇಡೀ ಕಾಳು ಬೀಸಿದ ಹಿಟ್ಟು. ಪಿಷ್ಟ ಬೇಕಿದ್ದರೆ ‘ಕಾರ್ನ್ ಸ್ಟಾರ್ಚ್’ ಎಂದು ಕೇಳಬೇಕು. ಹಾಗೆ ಕೇಳದೆ ತಂದ ಹಳದಿ ಹಿಟ್ಟಿನಲ್ಲಿ ಗೋಬಿ ಅದ್ದಿ ಕೆಡಿಸಿಕೊಂಡ ಸೊಸೆಯೊಬ್ಬಳು ಫೋನು ಮಾಡಿದಾಗ ಅತ್ತೆ ಸಮಾಧಾನ ಹೇಳಿದರಂತೆ: “ಹೋಗಲಿ ಬಿಡವಾ, ಉಳಿದ ಹಿಟ್ಟು ನಾದಿ ನಾಲ್ಕು ರೊಟ್ಟಿ ಬಡಿ.”