ಮೇಲ್ವಿಚಾರಕ ಬಲ ಮೀಮಾಂಸೆ

ಬಲವಿಲ್ಲದೆ ತರಬೇತಿಯಿಲ್ಲ, ತರಬೇತಿಯಿಲ್ಲದೆ ಆಪ್ತಸಮಾಲೋಚಕರಿಲ್ಲ. ಆದಕಾರಣ ಮೇಲ್ವಿಚಾರಕರ ಅಂತರ್ವ್ಯಕ್ತೀಯ ಪ್ರಭಾವ ಪ್ರಸರಣವೇ ಪ್ರಥಮ ಜಿಜ್ಞಾಸೆಗೆ ಅರ್ಹವಾದದ್ದು.

ಪೂರ್ವಪಕ್ಷ: 1959ರಲ್ಲಿ ಫ್ರೆಂಚ್ ಮತ್ತು ರೇವನ್ ಎಂಬ ಪಂಡಿತರು ಬಲದ ಮೂಲಗಳು ಐದೆಂದರು: ಬಹುಮಾನ, ದಂಡನೆ, ಹುದ್ದೆ, ಪರಿಣತಿ, ಆಕರ್ಷಣೆ. ಆಮೇಲೆ ರೇವನ್ ಮಾಹಿತಿಯನ್ನೂ ಸೇರಿಸಿ ಆರು ಮಾಡಿದರು.

ಸಿದ್ಧಾಂತ: ಪಾಪ, ಅವರು ನಮ್ಮ ಕೇಸ್ ಕಾನ್ಫರೆನ್ಸಿನಲ್ಲಿ ಕೂತವರಲ್ಲ. ಕೂತಿದ್ದರೆ ಇವು ಕಾಣುತ್ತಿದ್ದವು.

ಒಂದು, ಹಸ್ತಾಕ್ಷರ ಬಲ. ಲಾಗ್‌ಬುಕ್ಕಿಗೆ ಸಹಿ ಬೀಳದೆ ಪರೀಕ್ಷೆಯಿಲ್ಲ. ಗೋಡೆಯ ಮೇಲಿನ ‘ನಾಳೆ ಬಾ’ ಓದಿ ದೆವ್ವ ವಾಪಸು ಹೋಗುತ್ತಿತ್ತಂತೆ. ಇಲ್ಲಿ ಅದೇ ಮಾತು ಕೇಳಿ ವಿದ್ಯಾರ್ಥಿಗಳು ಹೋಗುತ್ತಾರೆ.

ಎರಡು, ಹೂಂಕಾರ ಬಲ. ಸೆಷನ್ನಿನ ಮಾತುಗಳನ್ನೆಲ್ಲ ಬರೆದು ತಂದ ಹಾಳೆಯಲ್ಲಿ ಒಂದು ‘ಹೂಂ’ಗೆ ಕೆಂಪು ಶಾಯಿ ಸುತ್ತಿ, “ಇಲ್ಲಿ ಹೂಂ ಯಾಕಂದೆ? ನಿಮ್ಮಪ್ಪನ ಜೊತೆ ನಿನ್ನ ಸಂಬಂಧ ಹೇಗಿದೆ?” ಎಂದು ಇಡೀ ತರಗತಿಯೆದುರು ಕೇಳುವುದು.

ಮೂರು, ಸರ್ವತೋಮುಖ ವ್ಯಾಖ್ಯಾನ ಬಲ. ಒಪ್ಪಿದರೆ ಒಳನೋಟ, ಒಪ್ಪದಿದ್ದರೆ ಪ್ರತಿರೋಧ, ಸುಮ್ಮನಿದ್ದರೆ ಅದುಮಿಟ್ಟ ಕೋಪ, ಅತ್ತರೆ “ಈ ವೃತ್ತಿ ನಿನಗಲ್ಲಮ್ಮ”.

ನಾಲ್ಕು, ಕಾಯಿಸುವ ಬಲ, ಅದರಲ್ಲಿ ಬಾಗಿಲಾಚೆ, ಬಾಗಿಲೀಚೆ ಎಂಬ ಉಪಭೇದ... ಸಾಕು. ಇವೆಲ್ಲ ಮೊದಲನೆಯದರ ಮರಿಗಳೇ. ಸಹಿ ಮೇಲ್ವಿಚಾರಕರ ಕೈಯಲ್ಲಿರುವುದರಿಂದಲೇ ಅಪ್ಪನ ವಿಷಯ ಕೇಳುವ ಧೈರ್ಯ ಅವರಿಗೆ, ಉತ್ತರ ಕೊಡುವ ಕರ್ಮ ವಿದ್ಯಾರ್ಥಿನಿಗೆ.

ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಅನುಭೂತಿ, ಷರತ್ತಿಲ್ಲದ ಆದರಗಳನ್ನು ಬೆಳಿಗ್ಗೆ ಬೋರ್ಡಿನ ಮೇಲೆ ಬರೆಸಿದವರೇ ಮಧ್ಯಾಹ್ನ “ಕೋರ್ಸ್ ಬಿಟ್ಟು ಮನೆಗೆ ಹೋಗು” ಅನ್ನುತ್ತಾರೆ. ಹೆದರಿದ ಹುಡುಗಿ ಏನು ಮಾಡುತ್ತಾಳೆ? ಕೆಟ್ಟುಹೋದ ಸೆಷನ್ ಮುಚ್ಚಿಟ್ಟು ಚೆನ್ನಾಗಿ ನಡೆದದ್ದನ್ನೇ ತಂದು ತೋರಿಸುತ್ತಾಳೆ. ಎದುರು ಕೂತವನು ಸಾಯುವ ಮಾತಾಡಿದ, ತನಗೆ ಏನು ಹೇಳಬೇಕೋ ತೋಚಲಿಲ್ಲ ಎಂಬುದು ವರದಿಗೆ ಬರುವುದೇ ಇಲ್ಲ. ಮೇಲ್ವಿಚಾರಣೆ ಇರುವುದೇ ಆ ಮಾತು ಹೊರಬರಲಿ ಅಂತ. ಅದು ಹೊರಬರದಿದ್ದರೆ ನಷ್ಟ ಗುರುವಿಗಲ್ಲ, ಶಿಷ್ಯೆಗೂ ಅಲ್ಲ; ನಂಬಿ ಬಂದು ಆ ಕುರ್ಚಿಯಲ್ಲಿ ಕೂತವನಿಗೆ.

ಅಂಕ ಕೊಡುವವರು ಒಬ್ಬರಿರಲಿ, ತಪ್ಪು ಕೇಳಿಸಿಕೊಳ್ಳುವವರು ಬೇರೊಬ್ಬರಿರಲಿ. ಅಷ್ಟು ಜನ ಇಲ್ಲವೇ? ಹಾಗಾದರೆ, ಗುರುಗಳೇ, ಮೊದಲು ಸಹಿ ಹಾಕಿ, ಆಮೇಲೆ ಪ್ರಶ್ನೆ ಕೇಳಿ.